ಎರಡು ಸಾವಿರದೊಳಗೆ ಗೇಮಿಂಗ್ ಹೆಡ್‌ಫೋನ್: 7.1 ಬೇಕಾ, ವೈರ್ ಸಾಕಾ?

ಪ್ರಶ್ನೆ: ಸರ್, ನಮ್ಮದು ಶಿಡ್ಲಘಟ್ಟ. ಚಿಕ್ಕಬಳ್ಳಾಪುರದಲ್ಲಿ ಬಿಸಿಎ ಎರಡನೇ ವರ್ಷ ಓದ್ತಾ ಇದ್ದೀನಿ. ರಾತ್ರಿ ಊಟ ಆದ ಮೇಲೆ ಫ್ರೆಂಡ್ಸ್ ಜೊತೆ ಫೋನಲ್ಲಿ ಬಿಜಿಎಂಐ, ಲ್ಯಾಪ್‌ಟಾಪಲ್ಲಿ ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮ್ ಆಡ್ತೀನಿ. ಈಗ ಇರೋದು 1,300 ರೂಪಾಯಿಯ ಬ್ಲೂಟೂತ್ ಇಯರ್‌ಬಡ್. ಬಾಕ್ಸ್ ಮೇಲೆ ಗೇಮಿಂಗ್ ಮೋಡ್, 40 ಮಿಲಿಸೆಕೆಂಡ್ ಅಂತ ಬರೆದಿದೆ. ಆದರೂ ಗುಂಡು ಬಿದ್ದ ಮೇಲೆ ಸದ್ದು ಬರುತ್ತೆ. ಹೆಜ್ಜೆ ಸದ್ದು ಯಾವ ಕಡೆಯಿಂದ ಅಂತ ಗೊತ್ತಾಗಲ್ಲ. ಮನೆಗೆ ಅಂಟಿಕೊಂಡೇ ನಮ್ಮ ರೇಷ್ಮೆ ಟ್ವಿಸ್ಟಿಂಗ್ ಯೂನಿಟ್ ಇದೆ, ರಾತ್ರಿ ಪಾಳಿನೂ ಓಡುತ್ತೆ. ಅದರ ಸದ್ದಿಗೆ ವಾಲ್ಯೂಮ್ ಪೂರ್ತಿ ಇಡಬೇಕು. ಮೈಕ್ ಆನ್ ಮಾಡಿದ್ರೆ "ಲೋ, ಆ ಮೆಷಿನ್ ಆಫ್ ಮಾಡೋ" ಅಂತ ಫ್ರೆಂಡ್ಸ್ ಬೈತಾರೆ. ಒಬ್ಬ 7.1 ಹೆಡ್‌ಸೆಟ್, ಅಂದ್ರೆ ಸುತ್ತಲೂ ಸ್ಪೀಕರ್ ಇಟ್ಟಂತೆ ಕೇಳಿಸೋ ಸರೌಂಡ್ ಸೌಂಡಿಂದು ತಗೋ ಅಂತಾನೆ. ಇನ್ನೊಬ್ಬ ಇಎನ್‌ಸಿ ಇರೋದು ತಗೊಂಡ್ರೆ ಮೆಷಿನ್ ಸದ್ದೇ ಕೇಳಿಸಲ್ಲ ಅಂತಾನೆ. ಅಪ್ಪ ಮಾತ್ರ ಕಿವಿ ಹಾಳಾಗುತ್ತೆ, ಯಾವುದೂ ಬೇಡ ಅಂತಾರೆ. ಕೈಯಲ್ಲಿ 2,000 ರೂಪಾಯಿ ಇದೆ. ಕನ್ನಡಕ ಹಾಕ್ತೀನಿ. ಏನು ತಗೊಳ್ಳಲಿ?

ಉತ್ತರ: ಮೊದಲಿಗೆ, ನಿಮ್ಮ ಇಯರ್‌ಬಡ್ ಕೆಟ್ಟಿಲ್ಲ. ನಾನು ಆಡಿಯೊ ಸಾಮಾನು ರಿಪೇರಿ ಮಾಡುವವನು, ಒಂದಿಷ್ಟು ಮಾರುತ್ತೇನೆ ಕೂಡ. "ಸದ್ದು ಲೇಟಾಗಿ ಬರುತ್ತೆ" ಅಂತ ತರುವ ಇಯರ್‌ಬಡ್‌ಗಳಲ್ಲಿ ಬಹುಪಾಲು ಚೆನ್ನಾಗಿಯೇ ಇರುತ್ತವೆ. ಯೂಟ್ಯೂಬಲ್ಲಿ ಯಾವುದಾದರೂ ವಿಡಿಯೊ ಹಾಕಿದರೆ ತುಟಿಗೂ ಮಾತಿಗೂ ಸರಿಯಾಗಿ ಹೊಂದುತ್ತದೆ. ಮತ್ತೆ ಗೇಮಲ್ಲಿ ಯಾಕೆ ಹೀಗೆ ಅಂತ ತಂದವರಿಗೇ ಆಶ್ಚರ್ಯ.

ವಿಡಿಯೊ ಮೊದಲೇ ರೆಕಾರ್ಡ್ ಆಗಿರುವಂಥದ್ದು. ಬ್ಲೂಟೂತ್‌ನಲ್ಲಿ ಸದ್ದು ಎಷ್ಟು ತಡವಾಗುತ್ತದೆ ಅಂತ ಲೆಕ್ಕ ಹಾಕಿ ಫೋನು ಚಿತ್ರವನ್ನೂ ಅಷ್ಟೇ ಹೊತ್ತು ತಡೆದು ತೋರಿಸುತ್ತದೆ. ಗೇಮಲ್ಲಿ ಆ ಉಪಾಯ ನಡೆಯುವುದಿಲ್ಲ. ನೀವು ಈಗ ಒತ್ತಿದ್ದು ಈಗಲೇ ಪರದೆ ಮೇಲೆ ಕಾಣಬೇಕು. ಹಾಗಾಗಿ ಚಿತ್ರ ಮುಂದೆ ಹೋಗುತ್ತದೆ, ಸದ್ದು ಹಿಂದೆ ಉಳಿಯುತ್ತದೆ.

ಈ ತಡ ಎಲ್ಲಿಂದ ಬರುತ್ತದೆ? ಫೋನು ಸದ್ದನ್ನು ಕುಗ್ಗಿಸಿ, ಸಣ್ಣ ಸಣ್ಣ ಪ್ಯಾಕೆಟ್ ಮಾಡಿ ಕಳಿಸುತ್ತದೆ. ದಾರಿಯಲ್ಲಿ ಒಂದೆರಡು ಕಳೆದುಹೋದರೂ ಹಾಡು ಕಟ್ ಆಗಬಾರದು ಅಂತ ಇಯರ್‌ಬಡ್ ಒಂದಿಷ್ಟನ್ನು ಕೂಡಿಟ್ಟುಕೊಂಡೇ ನುಡಿಸಲು ಶುರು ಮಾಡುತ್ತದೆ. ಸೀಟು ತುಂಬುವವರೆಗೂ ಸ್ಟ್ಯಾಂಡ್ ಬಿಟ್ಟು ಅಲ್ಲಾಡದ ಪ್ರೈವೇಟ್ ಬಸ್ ಇರುತ್ತದಲ್ಲ, ಹಾಗೆ. ಸದ್ದು ಕುಗ್ಗಿಸುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರೆ. ಸಾಮಾನ್ಯವಾಗಿ ಸಿಗುವ ಎಸ್‌ಬಿಸಿ, ಎಎಸಿ ಕೋಡೆಕ್‌ಗಳಲ್ಲಿ ಇದೆಲ್ಲ ಸೇರಿ 150ರಿಂದ 250 ಮಿಲಿಸೆಕೆಂಡ್ ಆಗಿಬಿಡುತ್ತದೆ. 250 ಅಂದರೆ ಕಾಲು ಸೆಕೆಂಡ್. ಅಷ್ಟರಲ್ಲಿ ನಿಮ್ಮ ಕಥೆ ಮುಗಿದಿರುತ್ತದೆ.

ಗೇಮಿಂಗ್ ಮೋಡ್ ಅನ್ನುವುದು ಪೂರ್ತಿ ಬೊಗಳೆ ಅಲ್ಲ. ಕೂಡಿಟ್ಟುಕೊಳ್ಳುವುದನ್ನು ಅದು ಕಡಿಮೆ ಮಾಡುತ್ತದೆ. ಆದರೆ ಬಾಕ್ಸ್ ಮೇಲಿನ 40 ಅನ್ನುವ ಅಂಕಿ ಎಲ್ಲವೂ ಅನುಕೂಲವಾಗಿದ್ದಾಗಿನ ಲೆಕ್ಕ. ಫೋನಿನ ಒಳಗೇ ಆಗುವ ತಡ ಅದರಲ್ಲಿ ಸೇರಿರಬೇಕು ಅಂತೇನೂ ಇಲ್ಲ. ಅಕ್ಕಪಕ್ಕ ವೈಫೈ ಜಾಸ್ತಿ ಇದ್ದರೆ ಈ ಮೋಡ್‌ನಲ್ಲಿ ಸದ್ದು ಕಟ್ ಕಟ್ ಆಗುತ್ತದೆ, ಯಾಕಂದರೆ ಕೂಡಿಟ್ಟದ್ದು ಕಡಿಮೆ. ಇನ್ನೂ ಒಂದು: ಎಷ್ಟೋ ಇಯರ್‌ಬಡ್‌ಗಳಲ್ಲಿ ಕೇಸಿಗೆ ಹಾಕಿ ತೆಗೆದರೆ ಗೇಮಿಂಗ್ ಮೋಡ್ ತಾನಾಗಿಯೇ ಆಫ್ ಆಗಿರುತ್ತದೆ. ಪ್ರತಿ ಸಲ ಆನ್ ಮಾಡುತ್ತಿದ್ದೀರಾ, ನೋಡಿಕೊಳ್ಳಿ.

ಲ್ಯಾಪ್‌ಟಾಪಲ್ಲಿ ಆಡುವಾಗ ಬ್ಲೂಟೂತ್‌ಗೆ ಇನ್ನೊಂದು ಕಾಟ ಇದೆ. ನೀವು ವಾಯ್ಸ್ ಚಾಟ್ ಆನ್ ಮಾಡಿದ ಕೂಡಲೇ ಗೇಮಿನ ಸದ್ದೆಲ್ಲ ಹಳೇ ಲ್ಯಾಂಡ್‌ಲೈನ್ ಫೋನಿನಲ್ಲಿ ಕೇಳಿದಂತೆ ಆಗಿರಬೇಕು, ಅಲ್ವಾ? ಸದ್ದು ಕೇಳಿಸುವುದಕ್ಕೆ ಒಂದು ವಿಧಾನ, ಮೈಕ್ ಬಳಸುವಾಗ ಇನ್ನೊಂದು ವಿಧಾನ ಅಂತ ಬ್ಲೂಟೂತ್‌ನಲ್ಲಿ ಬೇರೆ ಬೇರೆ ಇದೆ. ಎರಡನೆಯದು ಫೋನ್ ಕರೆಗೆ ಅಂತ ಮಾಡಿದ್ದು. ಅದರಲ್ಲಿ ಎಡ-ಬಲ ಅನ್ನುವುದೇ ಇರುವುದಿಲ್ಲ, ಎರಡೂ ಕಿವಿಗೆ ಒಂದೇ ಸದ್ದು. ಹೆಜ್ಜೆ ಯಾವ ಕಡೆಯಿಂದ ಅಂತ ಗೊತ್ತಾಗದಿರುವುದಕ್ಕೆ ವ್ಯಾಲೊರಂಟ್ ಮಟ್ಟಿಗೆ ಇದೇ ದೊಡ್ಡ ಕಾರಣ ಅಂತ ನನ್ನ ಅಂದಾಜು. ವೈರ್ ಇರುವ ಹೆಡ್‌ಫೋನಿನಲ್ಲಿ ಈ ಎರಡೂ ರಗಳೆ ಇಲ್ಲ. ಹಾಗಾಗಿ ನಿಮ್ಮ ಬಜೆಟ್‌ಗೆ ವೈರ್ ಬೇಕೋ ಬೇಡವೋ ಅನ್ನುವ ಚರ್ಚೆ ಇಲ್ಲಿಗೇ ಮುಗಿಯಿತು.

ಈಗ 7.1. ಇದನ್ನು ನಂಬಿ ದುಡ್ಡು ಜಾಸ್ತಿ ಕೊಡಬೇಡಿ. ನಿಮ್ಮ ಬಜೆಟ್‌ನ ಹೆಡ್‌ಸೆಟ್ ಬಿಚ್ಚಿದರೆ ಒಳಗೆ ಎಡಕ್ಕೊಂದು ಬಲಕ್ಕೊಂದು ಸ್ಪೀಕರ್ ಇರುತ್ತದೆ, ಅಷ್ಟೇ. 7.1 ಅನ್ನುವುದು ಸಾಫ್ಟ್‌ವೇರಿನ ಆಟ. ಅದಕ್ಕಿಂತ ಮುಖ್ಯವಾದ ಮಾತು, ನಮಗೆ ಇರುವುದೂ ಎರಡೇ ಕಿವಿ. ಬಲಗಡೆಯಿಂದ ಬಂದ ಸದ್ದು ಎಡಗಿವಿಗೆ ಒಂದು ಮಿಲಿಸೆಕೆಂಡಿಗಿಂತಲೂ ಕಡಿಮೆ, ಸುಮಾರು 0.6 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಸ್ವಲ್ಪ ಮೆತ್ತಗೂ ಇರುತ್ತದೆ. ಕಿವಿಯ ಹಾಲೆಯ ಮಡಿಕೆಗಳಿಗೆ ಬಡಿದು ಸದ್ದಿನ ಬಣ್ಣವೂ ಬದಲಾಗುತ್ತದೆ. ಎಡವೋ ಬಲವೋ, ಮುಂದೆಯೋ ಹಿಂದೆಯೋ, ಮೇಲೆಯೋ ಕೆಳಗೋ ಅಂತ ಮಿದುಳು ಗುರುತು ಹಿಡಿಯುವುದು ಇವುಗಳಿಂದ. ಈ ಲೆಕ್ಕವನ್ನು ಗೇಮೇ ಮಾಡಿ ಎರಡು ಸ್ಪೀಕರಿಗೆ ಕಳಿಸಬಲ್ಲದು. ವ್ಯಾಲೊರಂಟ್‌ನ ಆಡಿಯೊ ಸೆಟ್ಟಿಂಗ್ಸ್‌ನಲ್ಲಿ ಎಚ್‌ಆರ್‌ಟಿಎಫ್ ಅಂತ ಒಂದು ಆಯ್ಕೆ ಇದೆಯಲ್ಲ, ಅದು ಇದೇ. ಅದನ್ನು ಆನ್ ಮಾಡಿ. ವಿಂಡೋಸ್‌ನ ಸ್ಪೇಷಿಯಲ್ ಸೌಂಡ್, ಹೆಡ್‌ಸೆಟ್ ಕಂಪನಿಯ 7.1, ಲ್ಯಾಪ್‌ಟಾಪ್ ಜೊತೆ ಬಂದ ಇನ್ಯಾವುದೋ ಸರೌಂಡ್, ಎಲ್ಲ ಆಫ್ ಮಾಡಿ. ಒಮ್ಮೆ ಲೆಕ್ಕ ಮಾಡಿದ್ದರ ಮೇಲೆ ಮತ್ತೊಮ್ಮೆ ಲೆಕ್ಕ ಮಾಡಿದರೆ ದಿಕ್ಕು ಕಲಸಿಹೋಗುತ್ತದೆ. 7.1 ಹೆಡ್‌ಸೆಟ್ ತಂದ ಮೇಲೂ ಹೆಜ್ಜೆ ಗೊತ್ತಾಗುತ್ತಿಲ್ಲ ಅಂತ ಬರುವವರಿಗೆ ನಾನು ಮೊದಲು ಮಾಡಿಕೊಡುವ ಕೆಲಸ ಅದನ್ನು ಆಫ್ ಮಾಡುವುದು.

ಫೋನಿನಲ್ಲೂ ಒಂದು ಕಡೆ ನೋಡಿ. ಆಂಡ್ರಾಯ್ಡ್‌ನ ಆ್ಯಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಮೊನೊ ಆಡಿಯೊ ಅಂತ ಇರುತ್ತದೆ, ಅಂದರೆ ಎರಡೂ ಕಿವಿಗೆ ಒಂದೇ ಸದ್ದು. ಯಾವಾಗಲೋ ಒಂದೇ ಇಯರ್‌ಬಡ್‌ನಲ್ಲಿ ಹಾಡು ಕೇಳಲು ಆನ್ ಮಾಡಿ ಮರೆತಿರುತ್ತಾರೆ. ಆನ್ ಇದ್ದರೆ ಹತ್ತು ಸಾವಿರದ ಹೆಡ್‌ಫೋನ್ ಹಾಕಿದರೂ ದಿಕ್ಕು ತಿಳಿಯುವುದಿಲ್ಲ. 'ಎಕ್ಸ್‌ಟ್ರಾ ಬಾಸ್' ಅಂತ ಬರೆದದ್ದರಿಂದಲೂ ದೂರ ಇರಿ. ಹಾಡಿಗೆ ಅದು ಚೆಂದ. ಗೇಮಲ್ಲಿ ಬಾಂಬು, ಗಾಡಿ ಇಂಜಿನ್ ಸದ್ದೇ ಮೇಲೆದ್ದು ಹೆಜ್ಜೆ ಸಪ್ಪಳ ಅದರಡಿ ಮುಚ್ಚಿಹೋಗುತ್ತದೆ. 50 ಎಂಎಂ ಡ್ರೈವರ್ ಅನ್ನುವುದೂ ಹಾಗೆಯೇ. ದೊಡ್ಡ ಸ್ಪೀಕರ್ ಅಂದಮಾತ್ರಕ್ಕೆ ಒಳ್ಳೆ ಸದ್ದು ಅಂತಲ್ಲ, 10 ಎಂಎಂ ಡ್ರೈವರಿನ ಒಳ್ಳೆ ಇಯರ್‌ಫೋನ್ ಎಷ್ಟೋ ಹೆಡ್‌ಸೆಟ್‌ಗಳಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ.

ನಿಮ್ಮ ನಿಜವಾದ ಸಮಸ್ಯೆ ಟ್ವಿಸ್ಟಿಂಗ್ ಮೆಷಿನ್. ಬೇರೆ ಊರಿನವರು ಬರೆದಿದ್ದರೆ ನನ್ನ ಉತ್ತರವೇ ಬೇರೆ ಇರುತ್ತಿತ್ತು.

ನಿಮ್ಮ ಸ್ನೇಹಿತರು ಇಎನ್‌ಸಿ ಮತ್ತು ಎಎನ್‌ಸಿ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಇಎನ್‌ಸಿ ಇರುವುದು ಮೈಕ್‌ಗೆ. ನೀವು ಮಾತಾಡುವಾಗ ಸುತ್ತಲಿನ ಗದ್ದಲವನ್ನು ಸೋಸಿ ಆಚೆಯವರಿಗೆ ಕಳಿಸುತ್ತದೆ. ನಿಮ್ಮ ಕಿವಿಗೆ ಅದರಿಂದ ಏನೂ ಉಪಯೋಗ ಇಲ್ಲ. ನಿಮ್ಮ ಕಿವಿಗೆ ಬೀಳುವ ಸದ್ದನ್ನು ಕಡಿಮೆ ಮಾಡುವುದು ಎಎನ್‌ಸಿ. ಹೊರಗಿನ ಸದ್ದನ್ನು ಸಣ್ಣ ಮೈಕ್‌ನಿಂದ ಹಿಡಿದು, ಅದರ ತಿರುಗುಮುರುಗು ಅಲೆಯನ್ನು ಒಳಗೆ ನುಡಿಸಿ ಎರಡನ್ನೂ ಹೊಡೆದುಹಾಕುತ್ತದೆ. ಇದು ಚೆನ್ನಾಗಿ ಕೆಲಸ ಮಾಡುವುದು ಮೋಟಾರಿನ ಗುಂಯ್ ಅನ್ನುವಂಥ, ಒಂದೇ ಸಮನೆ ಬರುವ ದಪ್ಪ ಸದ್ದಿಗೆ. ಟ್ವಿಸ್ಟಿಂಗ್ ಯೂನಿಟ್‌ನಲ್ಲಿ ಮೋಟಾರು ಒಂದೇ ಅಲ್ಲ. ಸಾಲು ಸಾಲು ಸ್ಪಿಂಡಲ್‌ಗಳು ಜೋರಾಗಿ ತಿರುಗುವಾಗಿನ ಆ ಕೀರಲು, ಚರಚರ ಸದ್ದು ಇರುತ್ತದೆ. ಅಂಥ ತೆಳು ಸದ್ದಿನ ಎದುರು ಅಗ್ಗದ ಎಎನ್‌ಸಿ ಆಟ ನಡೆಯುವುದಿಲ್ಲ. ಮೇಲಾಗಿ ಈ ಬೆಲೆಯಲ್ಲಿ ಎಎನ್‌ಸಿ ಸಿಗುವುದು ಬ್ಲೂಟೂತ್‌ನಲ್ಲೇ. ಮತ್ತೆ ಅದೇ ತಡ.

ತೆಳು ಸದ್ದನ್ನು ತಡೆಯಲು ಬ್ಯಾಟರಿ, ಚಿಪ್ ಯಾವುದೂ ಬೇಡ. ಕಿವಿಯ ದಾರಿಯನ್ನು ಸರಿಯಾಗಿ ಮುಚ್ಚಿದರೆ ಸಾಕು. ಕಿವಿಯೊಳಗೆ ಕೂರುವ, ಸಿಲಿಕಾನ್ ಅಥವಾ ಫೋಮ್ ತುದಿಯ ವೈರ್ ಇಯರ್‌ಫೋನ್ ಇದನ್ನು ಚೆನ್ನಾಗಿ ಮಾಡುತ್ತದೆ. ಇವನ್ನು ಐಇಎಂ ಅಂತ ಮಾರುತ್ತಾರೆ. ವೈರನ್ನು ಕಿವಿಯ ಮೇಲಿಂದ ಹಿಂದಕ್ಕೆ ಸುತ್ತಿ ಹಾಕಿಕೊಳ್ಳುವಂಥವು. ಆದರೆ ತುದಿಯ ಅಳತೆ ಹೊಂದಬೇಕು. ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಅಳತೆಯ ತುದಿಗಳಿರುತ್ತವೆ. ಜನ ಮೊದಲೇ ಸಿಕ್ಕಿಸಿರುವ ಮಧ್ಯದ ಅಳತೆಯಲ್ಲೇ ವರ್ಷ ಕಳೆಯುತ್ತಾರೆ. ಮೂರನ್ನೂ ಹಾಕಿ ನೋಡಿ. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಸ್ವಲ್ಪ ಎಳೆಯಿರಿ. ಒಳದಾರಿ ನೇರವಾಗುತ್ತದೆ. ಆಗ ಇಯರ್‌ಫೋನನ್ನು ಕೊಂಚ ತಿರುಗಿಸುತ್ತ ಒಳಗೆ ಕೂರಿಸಿ. ಸರಿಯಾಗಿ ಕೂತರೆ ಮೆಷಿನ್ ಸದ್ದು ಒಮ್ಮೆಗೇ ದೂರ ಹೋದಂತಾಗುತ್ತದೆ, ನಿಮ್ಮ ಮಾತೇ ನಿಮಗೆ ತಲೆಯೊಳಗೆ ಕೇಳಿಸುತ್ತದೆ. ಹಾಗೆ ಆಗದಿದ್ದರೆ ಅಳತೆ ತಪ್ಪಿದೆ ಅಂತಲೇ ಅರ್ಥ. ನಿಮ್ಮ ಎರಡು ಕಿವಿಗೆ ಬೇರೆ ಬೇರೆ ಅಳತೆ ಬೇಕಾದರೂ ಬೇಕಾದೀತು, ಅದರಲ್ಲೇನೂ ತಪ್ಪಿಲ್ಲ.

ನಿಮ್ಮ ತಂದೆಯವರ ಮಾತಿಗೂ ಇಲ್ಲೇ ಉತ್ತರ ಇದೆ. ಅವರು ಹೇಳುವುದರಲ್ಲಿ ಹುರುಳಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆವರೆಗೆ ಕೇಳಬಹುದು. ಅದರಾಚೆ ಪ್ರತಿ 3 ಡೆಸಿಬಲ್ ಹೆಚ್ಚಾದಾಗಲೂ ಸಮಯ ಅರ್ಧಕ್ಕೆ ಇಳಿಯುತ್ತದೆ. 90 ಡೆಸಿಬಲ್ ಅಂದರೆ ವಾರಕ್ಕೆ 4 ಗಂಟೆ ಮಾತ್ರ. ವಾಲ್ಯೂಮ್ ಪೂರ್ತಿ ಇಟ್ಟು ದಿನಾ ರಾತ್ರಿ ಆಡಿದರೆ ಒಂದೆರಡು ದಿನಕ್ಕೇ ಆ ಮಿತಿ ದಾಟಿಬಿಡಬಹುದು. ಒಳಗಿವಿಯ ಸೂಕ್ಷ್ಮ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಆದರೆ ಹಾಳು ಮಾಡುವುದು ಹೆಡ್‌ಫೋನ್ ಅಲ್ಲ, ಅದರ ವಾಲ್ಯೂಮ್. ನೀವು ವಾಲ್ಯೂಮ್ ಏರಿಸುತ್ತಿರುವುದು ಮೆಷಿನ್ ಸದ್ದನ್ನು ಮೀರಿಸಲು. ಹೊರಗಿನ ಸದ್ದು ಒಳಗೆ ಬರದಿದ್ದರೆ ಅರ್ಧ ವಾಲ್ಯೂಮಿನಲ್ಲೂ ಹೆಜ್ಜೆ ಕೇಳುತ್ತದೆ. ಒಂದು ಉಪಾಯ ಮಾಡಿ: ಮೆಷಿನ್ ನಿಂತಿರುವ ಹೊತ್ತಿನಲ್ಲಿ ಹಿತವಾಗಿ ಕೇಳುವಷ್ಟು ವಾಲ್ಯೂಮ್ ಇಟ್ಟು ಅದರ ಗುರುತು ನೆನಪಿಟ್ಟುಕೊಳ್ಳಿ. ಮೆಷಿನ್ ಓಡುವಾಗಲೂ ಅದರಾಚೆ ಹೋಗಬೇಡಿ. ಆಟ ಮುಗಿದ ಮೇಲೆ ಕಿವಿಯಲ್ಲಿ ಕುಯ್ ಅನ್ನುತ್ತಿದ್ದರೆ ಜಾಸ್ತಿ ಆಯಿತು ಅಂತ. ಮಾರನೇ ದಿನವೂ ಹೋಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ.

ಕೇಳದೆ ಹೇಳುತ್ತಿದ್ದೇನೆ, ಬೇಸರ ಬೇಡ. ಆ ಯೂನಿಟ್ ಒಳಗೆ ದಿನವಿಡೀ ಇರುವವರು ಯಾರು? ಒಂದು ತೋಳಿನ ದೂರದಲ್ಲಿ ನಿಂತವರ ಜೊತೆ ಕೂಗಿ ಮಾತಾಡಬೇಕಾದ ಜಾಗದಲ್ಲಿ ಸದ್ದು 85 ಡೆಸಿಬಲ್ ದಾಟಿರುತ್ತದೆ ಅಂತ ಇಟ್ಟುಕೊಳ್ಳಬಹುದು. ದಿನಕ್ಕೆ 8 ಗಂಟೆ, ವರ್ಷಗಟ್ಟಲೆ ಆ ಸದ್ದಿನಲ್ಲಿದ್ದರೆ ಕಿವಿಗೆ ಪೆಟ್ಟು ಬೀಳುವುದು ಗೊತ್ತಿರುವ ಸಂಗತಿ. ನಿಮ್ಮ ತಂದೆಯವರ ಕಿವಿಗೆ, ಅಲ್ಲಿ ಕೆಲಸ ಮಾಡುವವರ ಕಿವಿಗೆ ನಿಮ್ಮ ಕಿವಿಗಿಂತ ಅಪಾಯ ಜಾಸ್ತಿ. ಹಿಂಡಿ ಕಿವಿಗೆ ಹಾಕುವ ಫೋಮ್ ಇಯರ್‌ಪ್ಲಗ್ ಮೆಡಿಕಲ್ ಶಾಪಲ್ಲಿ ಕೆಲವೇ ರೂಪಾಯಿಗೆ ಸಿಗುತ್ತದೆ. ನಿಮ್ಮ ಎರಡು ಸಾವಿರದಲ್ಲಿ ನೂರು ರೂಪಾಯಿ ಅದಕ್ಕೆ ತೆಗೆದಿಡಿ. ಕಿವಿ ಎಷ್ಟು ಕೇಳುತ್ತದೆ ಅಂತ ಅಳೆಯುವ ಆಡಿಯೊಮೆಟ್ರಿ ಪರೀಕ್ಷೆಯನ್ನೂ ಅಪ್ಪನಿಗೆ ಒಮ್ಮೆ ಮಾಡಿಸಿ.

ಮೈಕ್ ವಿಷಯಕ್ಕೆ ಬರೋಣ. ಬಾಯಿಗೂ ಮೈಕ್‌ಗೂ ನಡುವಿನ ದೂರವೇ ಇಲ್ಲಿ ಎಲ್ಲ. ದೂರ ಅರ್ಧ ಆದರೆ ನಿಮ್ಮ ದನಿ ಸುಮಾರು 6 ಡೆಸಿಬಲ್ ಏರುತ್ತದೆ, ಮೆಷಿನ್ ಸದ್ದು ಇದ್ದಷ್ಟೇ ಇರುತ್ತದೆ. ಇಯರ್‌ಬಡ್‌ನ ಮೈಕ್ ಇರುವುದು ಕಿವಿಯ ಹತ್ತಿರ, ಐಇಎಂ ವೈರಿನ ಮೈಕ್ ಇರುವುದು ಗಲ್ಲದ ಕೆಳಗೆ. ಹೆಡ್‌ಸೆಟ್‌ನ ಕಡ್ಡಿ ಮೈಕ್ ಮಾತ್ರ ಬಾಯಿಯ ಪಕ್ಕದಲ್ಲೇ. ಈ ಒಂದು ವಿಷಯದಲ್ಲಿ ಹೆಡ್‌ಸೆಟ್ ಗೆಲ್ಲುತ್ತದೆ, ಒಪ್ಪಿಕೊಳ್ಳಬೇಕು. ಐಇಎಂ ತಗೊಂಡರೆ ವೈರಿನ ಮೈಕನ್ನು ಒಂದು ಸಣ್ಣ ಕ್ಲಿಪ್ ಹಾಕಿ ಕಾಲರಿಗೆ ಸಿಕ್ಕಿಸಿ, ಬಟ್ಟೆಗೆ ಉಜ್ಜದಂತೆ. ವ್ಯಾಲೊರಂಟ್‌ನಲ್ಲಿ ಪುಷ್ ಟು ಟಾಕ್ ಇಟ್ಟುಕೊಳ್ಳಿ, ಮಾತಾಡುವಾಗ ಮಾತ್ರ ಮೈಕ್ ತೆರೆಯುತ್ತದೆ. ಫ್ರೆಂಡ್ಸ್ ಒಪ್ಪಿದರೆ ಮಾತುಕತೆಯನ್ನು ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ಗೆ ಬದಲಾಯಿಸಿ. ಅದರಲ್ಲಿ ಕ್ರಿಸ್ಪ್ ಅನ್ನುವ ಸದ್ದು ಸೋಸುವ ಸೌಲಭ್ಯ ಪುಕ್ಕಟೆ ಇದೆ. ಒಂದೇ ಸಮನೆ ಬರುವ ಮೆಷಿನ್ ಸದ್ದಿಗೆ ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಹಾಗಾದರೆ ಏನು ಕೊಳ್ಳುವುದು? ನಾನಾಗಿದ್ದರೆ ಸಾವಿರದ ಆಸುಪಾಸಿನ, ಮೈಕ್ ಇರುವ, ವೈರ್ ಬಿಚ್ಚಿ ಹಾಕಬಹುದಾದ ಐಇಎಂ. ಕೆಝಡ್ ಕಂಪನಿಯ ಇಡಿಎಕ್ಸ್ ಪ್ರೊ ಈ ಬೆಲೆಯಲ್ಲಿ ತುಂಬಾ ಜನ ಬಳಸುವ ಮಾಡೆಲ್. ಕೊಳ್ಳುವಾಗ ಮೈಕ್ ಇರುವುದೇ ಬೇಕು ಅಂತ ಕೇಳಿ, ಮೈಕ್ ಇಲ್ಲದ್ದೂ ಅದೇ ಹೆಸರಿನಲ್ಲಿ ಬೇರೆಯಾಗಿ ಬರುತ್ತದೆ. ಕನ್ನಡಕಕ್ಕೆ ತೊಂದರೆ ಇಲ್ಲ, ಬೇಸಿಗೆಯಲ್ಲಿ ಕಿವಿ ಬೇಯುವುದಿಲ್ಲ, ಮೆಷಿನ್ ಸದ್ದು ತಡೆಯುತ್ತದೆ. ತೊಂದರೆಗಳೂ ಇವೆ. ಗಂಟೆಗಟ್ಟಲೆ ಹಾಕಿದರೆ ಕೆಲವರಿಗೆ ಕಿವಿ ಕಡಿಯುತ್ತದೆ. ಸಿಲಿಕಾನ್ ತುದಿಯನ್ನು ಆಗಾಗ ಬಿಚ್ಚಿ ಸೋಪು ನೀರಲ್ಲಿ ತೊಳೆದು ಒಣಗಿಸಬೇಕು. ಕಿವಿ ಸೋರುವ ತೊಂದರೆ ಇದ್ದರೆ ಇದು ಬೇಡವೇ ಬೇಡ. ಇನ್ನೊಬ್ಬರಿಗೆ ಕೊಡುವುದೂ ಬೇಡ.

ಮಾತೇ ಮುಖ್ಯ, ನೀವೇ ಟೀಮಿಗೆ ಹೇಳಿ ಆಡಿಸುವವರು ಅನ್ನುವುದಾದರೆ ಕಡ್ಡಿ ಮೈಕಿನ ವೈರ್ ಹೆಡ್‌ಸೆಟ್ ನೋಡಿ. ಜೆಬಿಎಲ್ ಕ್ವಾಂಟಮ್ 100 ಎರಡು ಸಾವಿರದ ಆಚೀಚೆ ಸಿಗುತ್ತದೆ, ಮೈಕ್ ಬಿಚ್ಚಿಡಬಹುದು. ಕಾಸ್ಮಿಕ್ ಬೈಟ್ ಕಂಪನಿಯವು ಇನ್ನೂ ಕಡಿಮೆಗೆ ಬರುತ್ತವೆ. ಆದರೆ ಕನ್ನಡಕದ ಕಡ್ಡಿ ಮೇಲೆ ಕುಷನ್ ಕೂತರೆ ಎರಡು ತೊಂದರೆ. ಅರ್ಧ ಗಂಟೆಗೆ ನೆತ್ತರು ಹೆಪ್ಪುಗಟ್ಟಿದ ಹಾಗೆ ನೋಯುತ್ತದೆ, ಜೊತೆಗೆ ಆ ಸಂದಿಯಲ್ಲೇ ಮೆಷಿನ್ ಸದ್ದು ಒಳಗೆ ನುಗ್ಗುತ್ತದೆ. ಈ ಬೆಲೆಯ ರೆಕ್ಸಿನ್ ಕುಷನ್ ಬೆವರಿಗೆ ವರ್ಷ ಎರಡು ವರ್ಷದಲ್ಲಿ ಕಪ್ಪು ಚೂರು ಚೂರಾಗಿ ಉದುರುತ್ತದೆ. ಬಣ್ಣ ಬಣ್ಣದ ಆರ್‌ಜಿಬಿ ಲೈಟ್ ಇರುವುದು ಬೇಡ. ಆ ಲೈಟಿಗೆ ಕೊಟ್ಟ ದುಡ್ಡು ಸ್ಪೀಕರಿನಿಂದ ಕಳೆದದ್ದು, ಹಾಕಿಕೊಂಡವರಿಗಂತೂ ಅದು ಕಾಣುವುದೂ ಇಲ್ಲ. ಯುಎಸ್‌ಬಿ ಡಾಂಗಲ್ ಇರುವ 2.4 ಗಿಗಾಹರ್ಟ್ಸ್ ವೈರ್‌ಲೆಸ್ ಹೆಡ್‌ಸೆಟ್‌ಗಳಲ್ಲಿ ತಡ ತೀರಾ ಕಡಿಮೆ. ಆದರೆ ಚೆನ್ನಾಗಿರುವುದು ನಿಮ್ಮ ಬಜೆಟ್‌ಗೆ ಬರುವುದಿಲ್ಲ. ಇಯರ್‌ಬಡ್ ಮಾರಬೇಡಿ, ಬಸ್ಸಲ್ಲಿ ಹಾಡು ಕೇಳಲು ಇರಲಿ.

ನನ್ನ ಟೇಬಲ್ಲಿಗೆ ಬರುವ ಹೆಡ್‌ಫೋನ್‌ಗಳಲ್ಲಿ ಸ್ಪೀಕರ್ ಸತ್ತದ್ದು ಅಪರೂಪ. ಬಹುತೇಕ ವೈರ್ ತುಂಡಾಗಿರುತ್ತದೆ, ಅದೂ ಪಿನ್ನಿನ ರಬ್ಬರ್ ಮುಗಿಯುವ ಜಾಗದಲ್ಲಿ. ಫೋನಿಗೆ ಬಿಗಿಯಾಗಿ ಸುತ್ತಿ ಜೇಬಿಗೆ ಹಾಕುವುದೇ ಕಾರಣ. ಒಳಗಿನ ಎಳೆಗಳು ಕೂದಲಿಗಿಂತ ಸಣ್ಣ, ಮೇಲೆ ಬಣ್ಣದ ಲೇಪ, ನಡುವೆ ನೈಲಾನ್ ದಾರ. ಆ ಲೇಪವನ್ನು ಸೋಲ್ಡರಿಂಗ್ ಐರನ್‌ನಿಂದ ಸುಟ್ಟು ತೆಗೆಯದೆ ಬೆಸೆದರೆ ಒಂದು ವಾರದಲ್ಲಿ ಮತ್ತೆ ಒಂದೇ ಕಿವಿ. ಬಿಚ್ಚಿ ಹಾಕುವ ವೈರ್ ಇದ್ದರೆ ಈ ಕಷ್ಟವೇ ಇಲ್ಲ, ಹೊಸ ವೈರ್ ಇನ್ನೂರು ಮುನ್ನೂರಕ್ಕೆ ಬರುತ್ತದೆ. ವಾರಂಟಿಗಿಂತ ನಾನು ಇದನ್ನೇ ನೆಚ್ಚಿಕೊಳ್ಳುತ್ತೇನೆ. ಸಾವಿರ ರೂಪಾಯಿಯ ಸಾಮಾನಿಗೆ ಬೆಂಗಳೂರಿನ ಸರ್ವಿಸ್ ಸೆಂಟರಿಗೆ ಓಡಾಡಿದರೆ ಬಸ್ ಚಾರ್ಜೇ ಭಾರ. ಹಾಗಂತ ಬಿಲ್ ಬಿಡಬೇಡಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಚಿಕ್ಕಬಳ್ಳಾಪುರದಲ್ಲೇ ಕೊಂಡರೂ ಜಿಎಸ್‌ಟಿ ಬಿಲ್ ಕೇಳಿ. ಎಂಆರ್‌ಪಿ 4,999, ನಿಮಗೆ 999 ಅನ್ನುವ ಡಿಸ್ಕೌಂಟ್ ನೋಡಿ ಖುಷಿಪಡಬೇಡಿ. ಅದರ ಬೆಲೆ ಎಂದಿಗೂ 999 ಆಗಿಯೇ ಇರುತ್ತದೆ.

ನಿಮ್ಮ ಫೋನಿಗೆ 3.5 ಎಂಎಂ ಜ್ಯಾಕ್ ಇಲ್ಲದಿದ್ದರೆ ಟೈಪ್-ಸಿ ಕನ್ವರ್ಟರ್ ಬೇಕಾಗುತ್ತದೆ. ನೂರು ರೂಪಾಯಿಯದು ಕೆಲವೇ ಫೋನ್‌ಗಳಲ್ಲಿ ನಡೆಯುತ್ತದೆ. ಡಿಜಿಟಲ್ ಸಿಗ್ನಲನ್ನು ಹೆಡ್‌ಫೋನಿಗೆ ಹೊಂದುವಂತೆ ಬದಲಿಸುವ ಡ್ಯಾಕ್ ಚಿಪ್ ಒಳಗೆ ಇರುವುದನ್ನೇ ಕೇಳಿ, ನಿಮ್ಮ ಫೋನಿಗೆ ಅಂಗಡಿಯಲ್ಲೇ ಹಾಕಿ ಮೈಕ್ ಸಮೇತ ಪರೀಕ್ಷೆ ಮಾಡಿ ತನ್ನಿ. ಕಾಲೇಜ್ ಲ್ಯಾಬಿನ ಡೆಸ್ಕ್‌ಟಾಪಿನಂತೆ ಹಸಿರು, ಗುಲಾಬಿ ಎರಡು ತೂತು ಇರುವ ಕಡೆ ವೈ ಆಕಾರದ ಸ್ಪ್ಲಿಟರ್ ಬೇಕು. ಅದಿಲ್ಲದಿದ್ದರೆ ಸದ್ದು ಬರುತ್ತದೆ, ಮೈಕ್ ಬರುವುದಿಲ್ಲ.

ಇನ್ನು, ವೈರ್ ಹೆಡ್‌ಫೋನ್ ಹಾಕಿದ ಮೇಲೆ ಲ್ಯಾಪ್‌ಟಾಪ್ ಚಾರ್ಜಿಗೆ ಇಟ್ಟಾಗ ಮಾತ್ರ ಜುಂಯ್ ಅನ್ನುವ ಸದ್ದು ಬಂದರೆ ಹೆಡ್‌ಫೋನ್ ವಾಪಸ್ ಕೊಡಲು ಓಡಬೇಡಿ. ಚಾರ್ಜರ್ ತೆಗೆದು ನೋಡಿ. ನಿಂತರೆ ತಪ್ಪು ಸಾಮಾನ್ಯವಾಗಿ ಮನೆಯ ಅರ್ಥಿಂಗ್‌ನದು. ಸಾಕೆಟ್‌ನ ಮೇಲಿನ ದೊಡ್ಡ ತೂತಿಗೆ ಎಷ್ಟೋ ಮನೆಗಳಲ್ಲಿ ವೈರೇ ಕೊಟ್ಟಿರುವುದಿಲ್ಲ. ಲ್ಯಾಪ್‌ಟಾಪಿನ ಲೋಹದ ಭಾಗ ಮುಟ್ಟಿದರೆ ಸಣ್ಣಗೆ ಜುಮ್ ಅನ್ನುತ್ತಿದ್ದರೆ ಅದೂ ಇದೇ. ಪಕ್ಕದಲ್ಲೇ ಮೋಟಾರುಗಳು ಓಡುವ ಮನೆ ನಿಮ್ಮದು. ಯೂನಿಟ್‌ಗೆ ಬರುವ ಎಲೆಕ್ಟ್ರಿಷಿಯನ್‌ಗೇ ಹೇಳಿ ಮನೆಯ ಅರ್ಥಿಂಗ್ ಕೂಡ ನೋಡಿಸಿ.